ಪದಚರ್ಚೆ: ಆಟೋಕ್ಯಾಡ್‌ನ ‘ಪರ್ಜ್’, ‘ಲೇಡೆಲ್’ ಎರಡಕ್ಕೂ ‘ಅಳಿಸು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಸಿವಿಲ್ ಡಿಪ್ಲೊಮಾ ಮುಗಿಸಿ ಡ್ರಾಫ್ಟಿಂಗ್ ಕೆಲಸಕ್ಕೆ ಸೇರುವ ಹುಡುಗರಿಗಾಗಿ ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಕ್ಷೆಯ ಗೋಡೆ, ಬಾಗಿಲು, ಅಕ್ಷರಗಳನ್ನು ಬೇರೆ ಬೇರೆಯಾಗಿ ಇಡುವ ‘ಲೇಯರ್’ಗೆ ‘ಪದರ’ ಸಲೀಸಾಗಿ ಒಗ್ಗಿತು. ಕಗ್ಗಂಟಾಗಿರುವುದು ಆ ಪದರವನ್ನು ತೆಗೆದುಹಾಕುವ ಮಾತು.

ಇದಕ್ಕೆ ಎರಡು ಕಮಾಂಡ್‌ಗಳಿವೆ. ‘ಪರ್ಜ್’ ಕೊಟ್ಟರೆ ಎಲ್ಲೂ ಬಳಕೆಯಾಗದ ಪದರ ಮಾತ್ರ ಹೋಗುತ್ತದೆ, ನಕ್ಷೆಗೆ ಏನೂ ಆಗುವುದಿಲ್ಲ. ‘ಲೇಡೆಲ್’ ಹಾಗಲ್ಲ. ಪದರದ ಜೊತೆಗೆ ಅದರ ಮೇಲಿರುವ ಗೋಡೆ, ಬಾಗಿಲು, ಅಕ್ಷರ ಎಲ್ಲವೂ ಹೋಗುತ್ತದೆ. ಬ್ಲಾಕ್‌ಗಳ (ಹಲವು ಗೆರೆಗಳನ್ನು ಒಂದಾಗಿ ಕಟ್ಟಿ ಹೆಸರಿಟ್ಟ ಚಿತ್ರಗಳ) ಒಳಗಿರುವುದನ್ನೂ ಅದು ಬಿಡುವುದಿಲ್ಲ. ನನ್ನ ಕೈಗೆ ಸಿಕ್ಕ ಕನ್ನಡ ಟಿಪ್ಪಣಿಗಳಲ್ಲಿ ಎರಡಕ್ಕೂ ‘ಅಳಿಸು’ ಎಂದೇ ಇದೆ. ಹೊಸಬ ಅದನ್ನು ನಂಬಿ ಲೇಡೆಲ್ ಕೊಟ್ಟು, ಸೇವ್ ಮಾಡಿ ಫೈಲ್ ಮುಚ್ಚಿದರೆ? ಅರ್ಧ ಮನೆಯೇ ಮಾಯ!

‘ಖಾಲಿ ಪದರ’ ಎಂಬ ಮಾತಿನಲ್ಲೂ ತೊಡಕಿದೆ. ‘ಈ ಲೇಯರ್ ಖಾಲಿ ಇದೆ, ಆದ್ರೂ ಹೋಗ್ತಾನೇ ಇಲ್ಲ’ ಎಂದು ಆಫೀಸಿನಲ್ಲಿ ಗೊಣಗುವುದನ್ನು ಕೇಳಿರುತ್ತೀರಿ. ‘0’ ಪದರ ಯಾವತ್ತೂ ಹೋಗದು. ಈಗ ಕೆಲಸ ಮಾಡುತ್ತಿರುವ ಪದರವೂ ಅಷ್ಟೆ. ಬೇರೆ ಫೈಲಿನಿಂದ ಎಕ್ಸ್‌ರೆಫ್ ಆಗಿ, ಅಂದರೆ ಕೊಂಡಿ ಹಾಕಿ ಜೋಡಿಸಿದ ನಕ್ಷೆಯ ಜೊತೆ ಬಂದ ಪದರವನ್ನು ಇಲ್ಲಿ ಅಳಿಸಲು ಬರುವುದಿಲ್ಲ. ಇವು ಬೇಗ ಗೊತ್ತಾಗುತ್ತವೆ. ಜಾಸ್ತಿ ಕಾಡುವುದು ಬ್ಲಾಕ್. ಒಂದು ಕುರ್ಚಿಯ ಬ್ಲಾಕ್ ನಕ್ಷೆಯಲ್ಲಿ ಎಲ್ಲೂ ಕಾಣದಿರಬಹುದು. ಆದರೆ ಅದರ ವ್ಯಾಖ್ಯೆ ಫೈಲಿನಲ್ಲಿ ಉಳಿದು, ಅದರೊಳಗಿನ ಒಂದೇ ಒಂದು ಗೆರೆ ಆ ಪದರದಲ್ಲಿದ್ದರೂ ಸಾಕು, ಪದರ ಜಪ್ಪಯ್ಯ ಅನ್ನುವುದಿಲ್ಲ. ಮೊದಲು ಬ್ಲಾಕ್ ಪರ್ಜ್ ಆಗಬೇಕು, ಆಮೇಲೆ ಪದರ. ಹಾಗಾಗಿ ‘ಖಾಲಿ’ ಬಿಟ್ಟು ‘ಬಳಕೆಯಿಲ್ಲದ ಪದರ’ ಎಂದು ಬರೆದಿದ್ದೇನೆ. ಸರಿ ಅನಿಸುತ್ತದೆ ಅಲ್ವಾ?

ಇನ್ನು ‘ಪರ್ಜ್’. ಇಂಗ್ಲಿಷ್‌ನಲ್ಲಿ ಇದಕ್ಕೆ ಭೇದಿ ಮಾಡಿಸುವುದು ಎಂಬ ಅರ್ಥವೂ ಇದೆ, ಅದಂತೂ ಬೇಡ. ‘ಶುದ್ಧೀಕರಿಸು’ ಎಂದರೆ ಗೋಮೂತ್ರ ಚಿಮುಕಿಸಿದ ಹಾಗಾಗುತ್ತದೆ. ‘ಜಾಡಿಸು’ ಚುರುಕಾಗಿದೆ, ಆದರೆ ಒದೆಯುವುದೂ ಬೈಯುವುದೂ ನೆನಪಾಗುತ್ತದೆ. ನನ್ನ ಮನಸ್ಸು ‘ಹಸನು ಮಾಡು’ ಕಡೆಗಿದೆ. ಅಕ್ಕಿ ಹಸನು ಮಾಡಿದರೆ ಕಲ್ಲು, ಹೊಟ್ಟು ಹೋಗಿ ಅಕ್ಕಿ ಉಳಿಯುತ್ತದೆ. ಪರ್ಜ್ ಮಾಡುವುದೂ ಅದನ್ನೇ. ಲೇಡೆಲ್‌ಗೆ ‘ಕಿತ್ತುಹಾಕು’ ಸಾಕು. ಕೇಳಿದಾಗಲೇ ಸ್ವಲ್ಪ ಹೆದರಿಕೆಯಾಗಬೇಕು.

ಪದರವನ್ನು ಕಾಣದಂತೆ ಮಾಡುವ ‘ಆಫ್’, ‘ಫ್ರೀಜ್’ ಎರಡನ್ನೂ ಹಾಗೇ ಇಟ್ಟಿದ್ದೇನೆ. ಸುಮ್ನೆ ‘ಮರೆಮಾಡು’ ಎಂದರೆ ವ್ಯತ್ಯಾಸ ಹೋಗುತ್ತದೆ. ‘ಇರೇಸ್’ ಕೊಟ್ಟು ‘ಆಲ್’ ಎಂದರೆ ಆಫ್ ಆದ ಪದರದ ಗೆರೆಗಳೂ ಹೋಗುತ್ತವೆ, ಫ್ರೀಜ್ ಆದದ್ದು ಉಳಿಯುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಮೈಸೂರು, ಮಂಡ್ಯ ಕಡೆಯ ಹುಡುಗರಿಗೆ ‘ಹಸನು ಮಾಡು’ ಥಟ್ಟನೆ ಹೊಳೆಯುತ್ತದೆಯೇ? ಅಥವಾ ಎಲ್ಲರೂ ಆಡುವ ‘ಪರ್ಜ್ ಮಾಡು’ವನ್ನೇ ಉಳಿಸಿಕೊಂಡು, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಕೊಡಲೇ? ಡ್ರಾಫ್ಟಿಂಗ್ ಕೆಲಸದಲ್ಲಿರುವವರು ನಿಮ್ಮ ಆಫೀಸಿನ ಮಾತು ತಿಳಿಸಿದರೆ ಉಪಕಾರವಾಗುತ್ತದೆ.