ಪದಚರ್ಚೆ: ಘಾಟಿಯಲ್ಲಿ ಬ್ರೇಕ್ ‘ಸೋತಿತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಾರಿನ ಬ್ರೇಕಿಗೆ ಬರುವ ಎರಡು ಬೇರೆ ಬೇರೆ ತೊಂದರೆಗಳಿಗೆ ಎರಡು ಮಾತು ಬೇಕಾಗಿದೆ. ಈಗ ಎರಡಕ್ಕೂ ನಾವು ‘ಬ್ರೇಕ್ ಹಿಡೀತಿಲ್ಲ’ ಅಂತಲೇ ಹೇಳುತ್ತೇವೆ. ಇದರಿಂದ ನನಗೆ ದುಡ್ಡು ದಂಡವಾಯಿತು.

ನನ್ನದು ಮಡಿಕೇರಿ. ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ದಿನಾ ಓಡಿಸುತ್ತೇನೆ. ವಾರಕ್ಕೆರಡು ಸಲ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಬೇಕು. ಒಂದು ದಿನ ಲಾರಿಯ ಹಿಂದೆ ಬ್ರೇಕ್ ಒತ್ತಿಕೊಂಡೇ ಇಳಿದೆ. ಕೊಯನಾಡು ಹತ್ತಿರ ಬರುವಾಗ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಯಿತು. ಮೂರ್ನಾಲ್ಕು ಸಲ ತುಳಿದ ಮೇಲೆ ಗಾಡಿ ನಿಂತಿತು. ಗ್ಯಾರೇಜಿನಲ್ಲಿ ‘ಬ್ರೇಕ್ ಹಿಡೀಲಿಲ್ಲ’ ಅಂದೆ. ಅವರು ಹೊಸ ಪ್ಯಾಡ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಕಚ್ಚಿ ಹಿಡಿಯುವ ಬಿಲ್ಲೆ) ಹಾಕಿ ಕಳಿಸಿದರು. ಮುಂದಿನ ವಾರವೂ ಹಾಗೇ ಆಯಿತು.

ಪೆಡಲ್ ತಳಕ್ಕೆ ಹೋದರೆ ತೊಂದರೆ ಹೆಚ್ಚಾಗಿ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್‌ನದು. ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲ ಹೇಗಿರುತ್ತೆ ಗೊತ್ತಲ್ವಾ? ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಗುಳ್ಳೆ ಏಳುತ್ತದೆ. ಆಗ ಕಾಲಿನ ಒತ್ತಡವೆಲ್ಲ ಗುಳ್ಳೆ ಅದುಮುವುದಕ್ಕೇ ಹೋಗುತ್ತದೆ. ಇದಕ್ಕೆ ಮದ್ದು ಹೊಸ ಆಯಿಲ್, ಅಷ್ಟೇ. ಪ್ಯಾಡಿಗಿಂತ ಎಷ್ಟೋ ಅಗ್ಗ.

ಇನ್ನೊಂದರಲ್ಲಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಎಷ್ಟು ತುಳಿದರೂ ಗಾಡಿಯ ವೇಗ ತಗ್ಗುವುದಿಲ್ಲ. ಪ್ಯಾಡ್ ಅತಿಯಾಗಿ ಕಾದು ಕಚ್ಚುವುದನ್ನು ಬಿಟ್ಟಿರುತ್ತದೆ. ಇಂಗ್ಲಿಷಿನಲ್ಲಿ ‘ಫೇಡ್’ ಅಂತಾರೆ. ಆ ಪದವನ್ನು ಹಾಗೇ ಕನ್ನಡಕ್ಕೆ ತಂದರೆ ‘ಮಂಕಾಗುವುದು’ ಅಂತಾಗುತ್ತದೆ, ಆ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಕಣ್ಣಿಗೆ ಕಾಣುವುದರ ಮಾತು, ಕಾಲಿಗೆ ತಿಳಿಯುವುದರದ್ದಲ್ಲ.

‘ಸೋಲು’ ಆಗಬಹುದೇ? ದಿನವಿಡೀ ಕಾಫಿ ಕೊಯ್ದ ಮೇಲೆ ‘ಕೈ ಸೋತುಹೋಯ್ತು’ ಅಂತೀವಿ. ಕೈ ಕೆಟ್ಟಿಲ್ಲ, ಸುಧಾರಿಸಿಕೊಂಡರೆ ಮತ್ತೆ ಬಲ ಬರುತ್ತದೆ. ಕಾದ ಪ್ಯಾಡ್ ಕೂಡ ಹಾಗೇ, ತಣ್ಣಗಾದ ಮೇಲೆ ಸಾಮಾನ್ಯವಾಗಿ ಮತ್ತೆ ಕಚ್ಚುತ್ತದೆ. ‘ಸವೆಯುವುದು’ ಬೇರೆ, ಸವೆದದ್ದು ಮರಳಿ ಬಾರದು. ಆಯಿಲ್ ಕುದಿದು ಪೆಡಲ್ ತಳ ಸೇರುವುದಕ್ಕೆ ‘ಕುಸಿಯುವುದು’ ಸರಿ ಅನ್ನಿಸುತ್ತದೆ. ಪ್ಯಾಡ್ ಸೋತಿತು, ಪೆಡಲ್ ಕುಸಿಯಿತು. ಹೀಗೆ ಹೇಳಿದ್ದರೆ ಗ್ಯಾರೇಜಿನವರಿಗೆ ಆಗಲೇ ತಿಳಿಯುತ್ತಿತ್ತು.

ಇನ್ನೊಂದು ಮಾತು. ಹೊಸ ಪ್ಯಾಡ್ ಹಾಕಿದ ಮೇಲೆ ಮತ್ತೆ ಮತ್ತೆ ಬ್ರೇಕ್ ಒತ್ತಿ, ಹದವಾಗಿ ಬಿಸಿ ಮಾಡಿ, ಡಿಸ್ಕಿಗೆ ಹೊಂದಿಸಬೇಕು. ಮೆಕ್ಯಾನಿಕ್‌ಗಳು ‘ಸೆಟ್ ಆಗ್ಬೇಕು’ ಅಂತಾರೆ. ನಾನು ‘ಪಳಗಿಸುವುದು’ ಅಂತ ಬರೆದೆ. ಸ್ನೇಹಿತರೊಬ್ಬರು, ಅದು ದುಬಾರೆಯ ಆನೆಗೆ ಸರಿ, ಕಬ್ಬಿಣಕ್ಕಲ್ಲ ಅಂದರು. ಆದರೆ ನಮ್ಮಮ್ಮ ಹೊಸ ದೋಸೆ ಕಾವಲಿಯನ್ನು ಪಳಗಿಸುತ್ತಾರಲ್ಲ! ಎಣ್ಣೆ ಸವರಿ, ಕಾಯಿಸಿ, ಮತ್ತೆ ಆರಿಸಿ. ಕೆಲಸ ಬಹಳ ಹತ್ತಿರದ್ದೇ.

ಖರ್ಚಿನ ಬಗ್ಗೆಯೂ ಹೇಳಿಬಿಡುತ್ತೇನೆ. ದಿನಾ ಓಡಿಸುವ ಗಾಡಿಗೆ ಮೊದಲು ಹೊಸ ಆಯಿಲ್, ಆಮೇಲೆ ಒಳ್ಳೆಯ ಪ್ಯಾಡ್, ಟಯರ್ ಸವೆದಿದ್ದರೆ ಟಯರ್. ರೇಸಿನ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಕಚ್ಚುವುದಿಲ್ಲ, ಮಡಿಕೇರಿಯ ಬೆಳಗಿಗೆ ಅದು ಅಪಾಯ. ತೂತಿನ ಡಿಸ್ಕ್, ದೊಡ್ಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಎಲ್ಲ ಸುಮ್ನೆ ಜಾಸ್ತಿ ಖರ್ಚು. ಬ್ರೇಕ್ ಕಾಯದಂತೆ ಸಣ್ಣ ಗೇರಿನಲ್ಲಿ ಇಳಿಯುವುದಕ್ಕೆ ಒಂದು ರೂಪಾಯಿಯೂ ಬೇಡ.

ಸಂಪಾಜೆ ಕಡೆಯ ಅರೆಭಾಷೆಯವರು, ಮಾಕುಟ್ಟ ಘಾಟಿಯಲ್ಲಿ ಗಾಡಿ ಓಡಿಸುವ ಕೊಡವ ಭಾಷೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಬ್ರೇಕ್ ಕಾದು ಬಲ ಹೋದಾಗ ನಿಮ್ಮ ಮನೆಮಾತಿನಲ್ಲಿ ಏನಂತೀರಿ? ಜೀಪು, ಲಾರಿಯ ಹಳೆಯ ಡ್ರೈವರುಗಳ ಬಾಯಲ್ಲಿ ಬೇರೆ ಪದ ಕೇಳಿದ್ದೀರಾ?