ಆರು ಡೈವ್ ಆಗಿದೆ, ಆಗಸ್ಟ್‌ನಲ್ಲಿ ಒಂಬತ್ತು ದಿನ ರಜೆ. ಎಲ್ಲಿಗೆ ಹೋಗಲಿ?

ಹಾಸನದ ಮೀನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹೋದ ಜನವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಕೋರ್ಸಿನ 4, ಆಮೇಲೆ ಆಸೆ ತಡೆಯದೆ ಇನ್ನೂ 2, ಒಟ್ಟು 6 ಡೈವ್. ಅಷ್ಟಕ್ಕೇ ತಲೆ ಕೆಟ್ಟಿದೆ. ಆಫೀಸ್ ಮೀಟಿಂಗಿನಲ್ಲಿ ಕೂತರೂ ಕಿವಿಯಲ್ಲಿ ಗುಳುಗುಳು ಅನ್ನುವ ಸದ್ದೇ ಕೇಳಿಸುತ್ತದೆ.

ಆಗಸ್ಟ್‌ನಲ್ಲಿ 9 ದಿನ ರಜೆ ಸಿಕ್ಕಿದೆ. ನಾನು, ನನ್ನ ಹೆಂಡತಿ ಇಬ್ಬರೇ. ಅವಳಿಗೆ ಈಜು ಅಷ್ಟಕ್ಕಷ್ಟೆ. ಡೈವ್ ಮಾಡಿಲ್ಲ, ಬಾಯಿಗೆ ಸ್ನಾರ್ಕಲ್ ಅನ್ನುವ ಉಸಿರಾಟದ ಕೊಳವೆ ಹಾಕಿಕೊಂಡು ನೀರ ಮೇಲೆ ತೇಲುತ್ತಾಳೆ. ಪೂರ್ತಿ ಸಸ್ಯಾಹಾರಿ, ಮೊಟ್ಟೆ ಕೂಡ ಇಲ್ಲ. ವಿಮಾನ, ರೂಮು, ಡೈವ್ ಎಲ್ಲ ಸೇರಿ ಇಬ್ಬರಿಗೂ ಎರಡೂವರೆ ಲಕ್ಷದೊಳಗೆ ಮುಗಿಯಬೇಕು.

'ಜಗತ್ತಿನ ಅತ್ಯುತ್ತಮ ಡೈವ್ ತಾಣಗಳು' ಅಂತ ಎಲ್ಲಿ ಹುಡುಕಿದರೂ ಅದೇ ಹೆಸರುಗಳು: ಇಂಡೊನೇಷ್ಯಾದ ಪಾಪುವಾ ಕಡೆಯ ರಾಜಾ ಅಂಪತ್, ಮಲೇಷ್ಯಾದ ಸಿಪಾಡಾನ್, ಇಂಡೊನೇಷ್ಯಾದ್ದೇ ಕೊಮೊಡೊ, ಮಾಲ್ಡೀವ್ಸ್, ಗಲಾಪಗೋಸ್, ಬೆಲೀಜ್‌ನ ಬ್ಲೂ ಹೋಲ್, ಕೆಂಪು ಸಮುದ್ರ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್. ನನಗಂತೂ ಕೊಮೊಡೊ ಮೇಲೆ ಕಣ್ಣು. ಹೋಗಿ ಬಂದವರು ಹೇಳಿ, ಯಾವುದು ಬೆಸ್ಟ್?

ಹೊನ್ನಾವರದ ದೋಣಿ

ಮಾರಾಯ್ರೆ, ಮನೆ ಬಾಗಿಲಲ್ಲಿ ನೇತ್ರಾಣಿ ದ್ವೀಪ ಇಟ್ಟುಕೊಂಡು ಪಾಪುವಾಕ್ಕೆ ಯಾಕೆ ಹೋಗುತ್ತೀರಿ? ಮುರ್ಡೇಶ್ವರದಿಂದ 19 ಕಿಲೋಮೀಟರ್ ಅಷ್ಟೆ. ಬೆಳಿಗ್ಗೆ ದೋಣಿ ಹತ್ತಿದರೆ ಮಧ್ಯಾಹ್ನ ಊಟಕ್ಕೆ ದಡದಲ್ಲಿ.

ಆದರೆ ಆಗಸ್ಟ್ ಅಂದಿರಲ್ಲ, ಅದನ್ನು ಈಗ ನೋಡಿದೆ. ಆಗ ಏನೂ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡಲು ಯಾರ ಮಾತೂ ಕೇಳುವುದಿಲ್ಲ. ಮೀನಿನ ದೋಣಿಗಳನ್ನೇ ಮೇಲೆ ಎಳೆದಿಟ್ಟಿರುತ್ತೇವೆ. ದಸರಾ ಕಳೆದ ಮೇಲೆ ಬನ್ನಿ.

ಇನ್ನೊಂದು ತಮಾಷೆ ಕೇಳಿ. ನೇತ್ರಾಣಿಗೆ ಇಂಗ್ಲಿಷಿನಲ್ಲಿ ಪಿಜನ್ ಐಲ್ಯಾಂಡ್ ಅನ್ನುತ್ತಾರೆ. ಶ್ರೀಲಂಕಾದ ಟ್ರಿಂಕೋಮಲಿ ಪಕ್ಕದಲ್ಲೂ ಒಂದು ಪಿಜನ್ ಐಲ್ಯಾಂಡ್ ಇದೆ. ನಮ್ಮದು ಮಳೆಗೆ ಮುಚ್ಚಿದಾಗ ಅದು ತೆರೆಯುತ್ತದೆ. ಆ ಕಡೆ ಪೂರ್ವ ಕರಾವಳಿಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಶಾಂತ. ಖರ್ಚೂ ಕಮ್ಮಿ, ತೆಂಗಿನಹಾಲಿನ ಸಾರು ಅನ್ನ ಮೂರು ಹೊತ್ತೂ ಸಿಗುತ್ತದೆ. ಯೋಚಿಸಿ.

ಶಿರಸಿ ಅಕ್ಕ

ಹಾಸನದ ತಮ್ಮಾ, 'ಬೆಸ್ಟ್ ಯಾವುದು' ಅಂತ ಕೇಳಬೇಡ. 'ಆಗಸ್ಟ್‌ನಲ್ಲಿ, 6 ಡೈವ್ ಆದವನಿಗೆ ಯಾವುದು' ಅಂತ ಕೇಳು. ಆಗ ನಿನ್ನ ಪಟ್ಟಿಯಲ್ಲಿ ಮುಕ್ಕಾಲು ಪಾಲು ತಾನಾಗಿ ಉದುರಿ ಹೋಗುತ್ತದೆ.

ಮೊದಲು ಕೊಮೊಡೊ. ನಾನು ಈಜು ಕಲಿತದ್ದೇ 38ನೇ ವಯಸ್ಸಿಗೆ, ಡೈವ್ ಕಲಿತದ್ದು 39ಕ್ಕೆ. ಮರುವರ್ಷವೇ ಕೊಮೊಡೊಗೆ ಹೋದೆ. ಆಗ ಆಗಿದ್ದು 14 ಡೈವ್. ಅಲ್ಲಿ ಫಾರಂ ತುಂಬಿಸುತ್ತಾರೆ, ಎಷ್ಟು ಡೈವ್ ಆಗಿದೆ ಅಂತ. ನಾನು 30 ಅಂತ ಬರೆದೆ. ಶುದ್ಧ ಸುಳ್ಳು. ಲಾಗ್‌ಬುಕ್ ಮನೆಯಲ್ಲಿ ಮರೆತೆ ಅಂತ ಇನ್ನೊಂದು ಸುಳ್ಳು ಸೇರಿಸಿದೆ.

ಬತು ಬೊಲೊಂಗ್ ಅಂತ ಒಂದು ಜಾಗ. ಕಡಲ ಮಧ್ಯೆ ಒಂದು ಬಂಡೆ, ಅದರ ಸುತ್ತ ಹವಳದ ಗೋಡೆ. ಬಂಡೆಯ ಎರಡೂ ಪಕ್ಕದಲ್ಲಿ ನೀರು ಹೊಳೆಯ ಹಾಗೆ ಹರಿಯುತ್ತದೆ. ಬಂಡೆಯ ಮರೆಯಲ್ಲೇ ಇದ್ದು ಅಡ್ಡಡ್ಡ ಈಜಬೇಕು, ಮರೆ ಬಿಟ್ಟು ಹೊರಗೆ ಹೋಗಬಾರದು. ಗೈಡ್ ಮೂರು ಸಲ ಹೇಳಿದ್ದ. ನಾನು ಒಂದು ಆಮೆಯ ಹಿಂದೆ ಹೋದೆ, ಅಷ್ಟೇ. ಒಂದು ನಾಲ್ಕು ಮೀಟರ್ ಇರಬಹುದು. ಆಮೇಲೆ ನೋಡುತ್ತೇನೆ, ನಾನು ಬಿಟ್ಟ ಗುಳ್ಳೆ ಮೇಲಕ್ಕೆ ಹೋಗುತ್ತಿಲ್ಲ, ನನ್ನ ಜೊತೆಗೇ ಕೆಳಗೆ ಬರುತ್ತಿದೆ! ಅದನ್ನು ಡೌನ್ ಕರೆಂಟ್ ಅನ್ನುತ್ತಾರೆ. ನೀರು ನಮ್ಮನ್ನು ಕೆಳಕ್ಕೆ ಎಳೆಯುವುದು. ಗೈಡ್ ಹಾರಿ ಬಂದು ನನ್ನ ಬಿಸಿಡಿಯ (ಗಾಳಿ ತುಂಬುವ ಡೈವ್ ಜಾಕೆಟ್ಟಿನ) ಪಟ್ಟಿ ಹಿಡಿದು ಬಂಡೆಯ ಕಡೆ ತಳ್ಳಿದ. ಗಾಬರಿಯಲ್ಲಿ ಎಷ್ಟು ಉಸಿರು ಎಳೆದೆನೋ, 200 ಬಾರ್ ಒತ್ತಡದ ಗಾಳಿ ಇದ್ದ ಟ್ಯಾಂಕ್ 22 ನಿಮಿಷಕ್ಕೆ 50ಕ್ಕೆ ಬಂತು. ನನ್ನಿಂದಾಗಿ ಗುಂಪಿನ ಆರೂ ಜನ ಮೇಲೆ ಬರಬೇಕಾಯಿತು. ದೋಣಿಯಲ್ಲಿ ಯಾರೂ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯಿತು.

ಅದಾದ ಮೇಲೆ ನಾನು ಜಾಗ ಆರಿಸುವಾಗ ಫೋಟೋ ನೋಡುವುದನ್ನು ಬಿಟ್ಟಿದ್ದೇನೆ. ನೋಡುವುದು ಎರಡೇ: ನಾನು ಹೋಗುವ ತಿಂಗಳು, ಅಲ್ಲಿನ ನೀರಿನ ಸೆಳೆತ. ಈಗ ನನ್ನ ಡೈವ್ 140 ದಾಟಿದೆ. ಕೊಮೊಡೊಗೆ ಮತ್ತೆ ಹೋಗಿ ಬಂದೆ, 90ನೇ ಡೈವ್ ಆದ ಮೇಲೆ. ಅದೇ ಬಂಡೆ, ಬೇರೆ ಲೋಕ.

ಇನ್ನು ನಿನ್ನ ಪಟ್ಟಿ. ರಾಜಾ ಅಂಪತ್ ಹವಳದ ಕಾಶಿ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿನ ಕೇಪ್ ಕ್ರಿ ಅನ್ನುವ ಜಾಗದಲ್ಲಿ ಜೆರ್ರಿ ಅಲೆನ್ ಅನ್ನುವ ಮೀನು ತಜ್ಞರು 2012ರಲ್ಲಿ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನು ಎಣಿಸಿದರು. ಆದರೆ ಅಲ್ಲಿ ಒಳ್ಳೆ ಕಾಲ ಅಕ್ಟೋಬರ್‌ನಿಂದ ಏಪ್ರಿಲ್. ಆಗಸ್ಟ್‌ನಲ್ಲಿ ಗಾಳಿ ಜೋರು, ದೊಡ್ಡ ದೋಣಿಗಳಲ್ಲಿ ಬಹಳಷ್ಟು ಆಗ ಬೇರೆ ಕಡೆ ಹೋಗಿರುತ್ತವೆ. ಜಕಾರ್ತಾ, ಸೊರೊಂಗ್, ಆಮೇಲೆ ಫೆರ್ರಿ ಅಂತ ಹೋಗುವುದಕ್ಕೆ ಬರುವುದಕ್ಕೇ ನಿನ್ನ 9 ದಿನದಲ್ಲಿ 4 ಮುಗಿಯುತ್ತದೆ. ಸಿಪಾಡಾನ್‌ಗೆ ದಿನಕ್ಕೆ ಇಷ್ಟೇ ಜನ ಅಂತ ಪರ್ಮಿಟ್ ಇದೆ, ದ್ವೀಪದ ಮೇಲಿದ್ದ ರೆಸಾರ್ಟುಗಳನ್ನು 2004ರಲ್ಲೇ ಖಾಲಿ ಮಾಡಿಸಿದರು. ಮುಂದಿನ ಹಂತದ ಅಡ್ವಾನ್ಸ್ಡ್ ಕೋರ್ಸ್ ಆದ ಮೇಲೆ ಹೋಗು. ಗಲಾಪಗೋಸ್ ತಣ್ಣೀರು, ಜೋರು ಸೆಳೆತ, ನಿನ್ನ ಬಜೆಟ್ಟಿಗೆ ವಿಮಾನವೂ ಸಿಗುವುದಿಲ್ಲ. ಆಸ್ಟ್ರೇಲಿಯಾ ಕೂಡ ಹಾಗೇ, ದುಡ್ಡಿನ ಮಾತು.

ಬೆಲೀಜ್‌ನ ಬ್ಲೂ ಹೋಲ್ ಬಗ್ಗೆ ಯಾರಾದರೂ ಬೈದರೆ ಬೈಯಲಿ, ನನ್ನ ಅಭಿಪ್ರಾಯ ಹೇಳುತ್ತೇನೆ. ಅದು ವಿಮಾನದಿಂದ ನೋಡುವ ಜಾಗ. 300 ಮೀಟರ್ ಅಗಲದ ನೀಲಿ ಬಾವಿ, ಮೇಲಿನಿಂದ ಬಿಂದಿಗೆಯ ಬಾಯಿಯ ಹಾಗೆ ಕಾಣುತ್ತದೆ. ಒಳಗೆ ಕತ್ತಲೆ, ಮೀನು ಕಮ್ಮಿ. ನೋಡಬೇಕಾದ ಸುಣ್ಣದ ಕಂಬಗಳು ಇರುವುದು 40 ಮೀಟರ್ ಹತ್ತಿರ. ನಿನ್ನ ಓಪನ್ ವಾಟರ್ ಕಾರ್ಡಿಗೆ ಮಿತಿ 18 ಮೀಟರ್. ಮುಗಿಯಿತಲ್ಲ.

ಹಾಗಾದರೆ ಎಲ್ಲಿಗೆ? ನನ್ನ ಉತ್ತರ ತುಲಂಬೆನ್. ಬಾಲಿಯ ಈಶಾನ್ಯ ದಡದ ಒಂದು ಸಣ್ಣ ಊರು. ಬೆಂಗಳೂರಿಂದ ಬಾಲಿಗೆ ನೇರ ವಿಮಾನ ಇದೆ, ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಮೂರು ಗಂಟೆ. ಆಗಸ್ಟ್ ಅಲ್ಲಿ ಒಣ ಕಾಲ, ನೀರು ತಿಳಿ.

ಅಲ್ಲಿ ಒಂದು ಹಡಗು ಮಲಗಿದೆ, ಲಿಬರ್ಟಿ ಅಂತ. ಅಮೆರಿಕದ ಸೈನ್ಯದ ಸರಕು ಹಡಗು. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಅದಕ್ಕೆ ಟಾರ್ಪೆಡೊ ಹೊಡೆಯಿತು. ಮುಳುಗುತ್ತಿದ್ದ ಹಡಗನ್ನು ಎಳೆದು ತಂದು ತುಲಂಬೆನ್ ದಡಕ್ಕೆ ಹತ್ತಿಸಿದರು. ಇಪ್ಪತ್ತು ವರ್ಷ ಅದು ದಡದಲ್ಲೇ ಬಿದ್ದಿತ್ತು. 1963ರಲ್ಲಿ ಪಕ್ಕದ ಆಗುಂಗ್ ಜ್ವಾಲಾಮುಖಿ ಸಿಡಿಯಿತು ನೋಡು, ಆ ನಡುಕಕ್ಕೆ ಹಡಗು ಜಾರಿ ಮತ್ತೆ ನೀರಿಗೆ ಹೋಯಿತು. ಹೆಚ್ಚು ದೂರ ಹೋಗಲಿಲ್ಲ, ಅದೇ ನಮ್ಮ ಪುಣ್ಯ. ಮೇಲಿನ ತುದಿ 5 ಮೀಟರ್ ಆಳದಲ್ಲೇ ಸಿಗುತ್ತದೆ, ಕೆಳಗಿನದು 30ರ ಹತ್ತಿರ. ದೋಣಿಯೇ ಬೇಡ. ದಡದಿಂದ ನಡೆದು ನೀರಿಗೆ ಇಳಿದರೆ ಐದು ನಿಮಿಷಕ್ಕೆ ಹಡಗು. ಸೆಳೆತ ಸಾಮಾನ್ಯವಾಗಿ ಇಲ್ಲವೇ ಇಲ್ಲ ಅನ್ನುವಷ್ಟು. ನಿನ್ನ ಹೆಂಡತಿ ಲೈಫ್ ಜಾಕೆಟ್ ಹಾಕಿ ಮೇಲೆ ತೇಲುತ್ತಾ ಅದರ ಮೇಲ್ಭಾಗ ನೋಡಬಹುದು.

ಬೆಳಗಿನ ಜಾವ ಆರಕ್ಕೇ ಇಳಿ. ಹಣೆಯ ಮೇಲೆ ಬುಗುಟು ಇರುವ ದೊಡ್ಡ ಪ್ಯಾರಟ್ ಮೀನುಗಳ ಹಿಂಡು ಆ ಹೊತ್ತಿಗೆ ಹಡಗಿನ ಸುತ್ತ ಇರುತ್ತದೆ. ಎಮ್ಮೆಗಳ ಹಾಗೆ, ಸೋಮಾರಿಯಾಗಿ. ಎಂಟು ಗಂಟೆ ಮೇಲೆ ಬೇರೆ ಊರುಗಳಿಂದ ಗಾಡಿಗಳು ಬರುತ್ತವೆ, ಆಗ ಮೀನಿಗಿಂತ ಮನುಷ್ಯರೇ ಜಾಸ್ತಿ. ಅದಕ್ಕೇ ಊರಲ್ಲೇ ಉಳಿದುಕೋ.

ಇನ್ನೊಂದು. ಅಲ್ಲಿ ಟ್ಯಾಂಕ್ ಹೊರುವುದು ಊರಿನ ಹೆಂಗಸರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಟ್ಯಾಂಕ್. ನಮ್ಮೂರಲ್ಲಿ ಕೊಡ ಹೊತ್ತ ಹಾಗೆ, ಕೈ ಬಿಟ್ಟು ನಡೆಯುತ್ತಾರೆ. ನಾನು ಬರಿಗೈಯಲ್ಲಿ ಆ ಕರಿ ಕಲ್ಲುಗಳ ಮೇಲೆ ನಡೆಯಲಾಗದೆ ಎರಡು ಸಲ ಬಿದ್ದೆ. ಒಬ್ಬ ಅಜ್ಜಿ ನಿಂತು ನಕ್ಕು, ಟ್ಯಾಂಕ್ ಇಳಿಸದೆಯೇ ನನಗೆ ಕೈ ಕೊಟ್ಟಳು. ದಡದಲ್ಲಿ ಮರಳಿಲ್ಲ, ಉರುಳುವ ಗುಂಡುಕಲ್ಲು. ಗಟ್ಟಿ ಅಡಿಯ ಡೈವ್ ಬೂಟು ಬೇಕೇ ಬೇಕು.

ಬಾಲಿ ಪಕ್ಕದ ನುಸಾ ಪೆನಿಡಾ ದ್ವೀಪಕ್ಕೆ ಬನ್ನಿ, ಮೋಲಾ ಮೋಲಾ ಮೀನು ತೋರಿಸುತ್ತೇವೆ ಅಂತ ಕರೆಯುತ್ತಾರೆ. ಜುಲೈನಿಂದ ಅಕ್ಟೋಬರ್ ಅದರ ಕಾಲವೇ. ಚಾವಣಿಗೆ ಹಾಕುವ ತಗಡಿನಷ್ಟು ದೊಡ್ಡ ಮೀನು. ಆದರೆ ಅದು ಬರುವುದು ತಣ್ಣೀರಿನ ಜೊತೆ, ಸೆಳೆತದ ಜೊತೆ. ಈ ಸಲ ಬೇಡ. ನನ್ನ ಆಮೆಯನ್ನು ನೆನಪಿಸಿಕೋ.

ದುಬೈ ಕುಡ್ಲದವ

ಅಕ್ಕ ಹೇಳಿದ್ದು ಸರಿ. ಕೆಂಪು ಸಮುದ್ರದ ಬಗ್ಗೆ ನಾನು ಸೇರಿಸುತ್ತೇನೆ, ಇಲ್ಲಿಂದ ನಾಲ್ಕು ಸಲ ಹೋಗಿದ್ದೇನೆ.

ಈಜಿಪ್ಟಿನ ದಹಾಬ್ ಹೊಸಬರಿಗೆ ಒಳ್ಳೆ ಜಾಗ. ಅಲ್ಲೂ ದಡದಿಂದಲೇ ಇಳಿಯಬಹುದು, ಖರ್ಚು ಕಮ್ಮಿ, ನೀರು ಗಾಜಿನ ಹಾಗೆ. ಆಗಸ್ಟ್‌ನಲ್ಲಿ ನೀರೊಳಗೆ ಸುಖ, ಮೇಲೆ ಬಂದರೆ ಕಾವಲಿ. ನೀರಿನಲ್ಲಿ ಉಪ್ಪು ಜಾಸ್ತಿ, ಅಂಡಮಾನಿನಲ್ಲಿ ಕಟ್ಟಿಕೊಂಡಷ್ಟೇ ಸೀಸ ಕಟ್ಟಿದರೆ ಮುಳುಗುವುದೇ ಇಲ್ಲ. ಮೊದಲ ದಿನ ನಾನು ಬೆಂಡಿನ ಹಾಗೆ ತೇಲುತ್ತಾ ಇದ್ದೆ, ಎರಡು ಕಿಲೋ ಸೇರಿಸಿದ ಮೇಲೆ ಇಳಿದೆ.

ದಹಾಬ್‌ನಲ್ಲೂ ಒಂದು ಬ್ಲೂ ಹೋಲ್ ಇದೆ. ಅದರ ಪಕ್ಕದ ಬಂಡೆಯ ಮೇಲೆ ಸತ್ತವರ ಹೆಸರಿನ ಕಲ್ಲುಗಳನ್ನು ಕೂರಿಸಿದ್ದಾರೆ. 50 ಮೀಟರಿಗಿಂತ ಕೆಳಗೆ ಒಂದು ಕಮಾನು ಇದೆ, ಅದರೊಳಗಿಂದ ದಾಟಿ ಹೊರಗೆ ಬರುತ್ತೇನೆ ಅಂತ ಹೋದವರು ತುಂಬಾ ಜನ ವಾಪಸ್ ಬಂದಿಲ್ಲ. ಮೇಲಿನ ಅಂಚಿನ ಹವಳ ಮಾತ್ರ ನೋಡಿದರೆ ಮಕ್ಕಳಾಟ. ಒಂದೇ ಜಾಗ, ಎರಡೂ ಇದೆ.

ಥಿಸಲ್‌ಗಾರ್ಮ್ ಹಡಗಿನ ಆಸೆ ಇದ್ದರೆ ಆಮೇಲೆ ಬನ್ನಿ. ಬ್ರಿಟಿಷರ ಸರಕು ಹಡಗು, 1941ರ ಅಕ್ಟೋಬರ್‌ನಲ್ಲಿ ಜರ್ಮನ್ ವಿಮಾನಗಳು ಬಾಂಬು ಹಾಕಿ ಮುಳುಗಿಸಿದ್ದು. ಒಳಗೆ ಇನ್ನೂ ಸಾಲಾಗಿ ಮೋಟರ್‌ಸೈಕಲ್, ಲಾರಿ ನಿಂತಿವೆ. ತಳ 30 ಮೀಟರ್, ಸೆಳೆತವೂ ಉಂಟು.

ನಿಮ್ಮ ಶ್ರೀಮತಿಯವರಿಗೆ ಅಂತ ಹೇಳುವುದಾದರೆ ಮಾಲ್ಡೀವ್ಸ್ ಕೂಡ ನೋಡಿ. ಬಾ ಅಟೋಲ್‌ನಲ್ಲಿ ಹನಿಫಾರು ಅಂತ ಒಂದು ಕೊಲ್ಲಿ. ಆಗಸ್ಟ್ ಸುಮಾರಿಗೆ ಮಂಟಾ ರೇಗಳು ಅಲ್ಲಿ ಗುಂಪು ಗುಂಪಾಗಿ ತಿನ್ನಲು ಬರುತ್ತವೆ. ನಮ್ಮ ತೊರಕೆ ಮೀನಿನ ಬಳಗವೇ, ಆದರೆ ರೆಕ್ಕೆ ಚಾಚಿದರೆ ಮೂರು ಮೀಟರ್. ಅಲ್ಲಿ ಸ್ಕೂಬಾ ಮಾಡುವ ಹಾಗಿಲ್ಲ, ಸ್ನಾರ್ಕಲ್ ಮಾತ್ರ. ಒಮ್ಮೆಯಾದರೂ ಹೆಂಡತಿ ನೋಡಿದ್ದನ್ನೇ ನೀವೂ ನೋಡುತ್ತೀರಿ! ಮಳೆ, ಗಾಳಿ ಇರುತ್ತದೆ, ಕೆಲವು ದಿನ ಮಂಟಾ ಬರುವುದಿಲ್ಲ. ಧರವಂದೂ ದ್ವೀಪದ ಗೆಸ್ಟ್‌ಹೌಸ್‌ನಲ್ಲಿ ಉಳಿದರೆ ರೆಸಾರ್ಟಿನ ರೇಟು ಕೊಡಬೇಕಿಲ್ಲ.

ಹಾಸನದ ಮೀನು

ಅಕ್ಕ, ಗುಳ್ಳೆ ಕೆಳಗೆ ಹೋಗುವ ಕಥೆ ಹೆಂಡತಿಗೆ ಓದಿ ಹೇಳಿದೆ. ಅದು ತಪ್ಪಾಯಿತು. ಈಗ ಡೈವಿಂಗೇ ಬೇಡ ಅನ್ನುತ್ತಿದ್ದಾಳೆ. ತುಲಂಬೆನ್ ಅಂದರೆ ಒಪ್ಪಿದ್ದಾಳೆ, ದಡದಲ್ಲಿ ಕೂತು ನನ್ನನ್ನು ಕಾಯುತ್ತಾಳಂತೆ. ಎರಡು ಪ್ರಶ್ನೆ. ಊಟಕ್ಕೆ ಏನು ಗತಿ? ಕೊನೆಯ ದಿನ ಬಾಲಿಯ ಬೆಟ್ಟದೂರು ಕಿಂತಾಮಣಿಗೆ ಹೋಗಿ ಜ್ವಾಲಾಮುಖಿ ನೋಡಿಕೊಂಡು ಬರೋಣ ಅಂದುಕೊಂಡಿದ್ದೇವೆ, ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ಹೊರಟರೆ ಆಗುತ್ತದಾ?

ಶಿರಸಿ ಅಕ್ಕ

ಎರಡನೆಯದಕ್ಕೆ ಮೊದಲು: ಆಗುವುದಿಲ್ಲ. ಕಿಂತಾಮಣಿ ಇರುವುದು ಸುಮಾರು 1500 ಮೀಟರ್ ಎತ್ತರದಲ್ಲಿ, ನಮ್ಮ ನಂದಿ ಬೆಟ್ಟದಷ್ಟು. ಡೈವ್ ಮಾಡಿದಾಗ ಮೈಯೊಳಗೆ ಸೇರಿದ ಸಾರಜನಕ ನಿಧಾನಕ್ಕೆ ಹೊರಗೆ ಹೋಗಬೇಕು. ಅದು ಹೋಗುವ ಮೊದಲೇ ಗಾಳಿ ತೆಳುವಾದ ಜಾಗಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ, ಮೈಯೊಳಗೇ ಗುಳ್ಳೆ ಏಳುತ್ತದೆ. ವಿಮಾನಕ್ಕೂ ಅದೇ ಲೆಕ್ಕ, ಬೆಟ್ಟಕ್ಕೂ ಅದೇ. ನಾಲ್ಕು ದಿನ ಸತತ ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ಬಿಡಬೇಕು, ನಾನು 24 ಬಿಡುತ್ತೇನೆ. ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ಸಂಜೆ ಬಸ್ಸಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಬರುವವರು ಇದನ್ನು ನೆನೆಸುವುದೇ ಇಲ್ಲ. ಬೆಂಗಳೂರೂ 900 ಮೀಟರ್ ಮೇಲಿದೆ, ಅಲ್ವಾ? ಕಿಂತಾಮಣಿಯನ್ನು ಹೋಗುವಾಗಲೇ ನೋಡಿಕೊಂಡು ಹೋಗಿ. ಬರುವಾಗ ಕರಾವಳಿ ರಸ್ತೆ ಹಿಡಿಯಿರಿ.

ಊಟಕ್ಕೆ ತೊಂದರೆ ಇಲ್ಲ. ತೆಂಪೆ ಅಂತ ಸೋಯಾ ಕಾಳಿನ ಗಟ್ಟಿ, ಹುರಿದರೆ ಚೆನ್ನಾಗಿರುತ್ತದೆ. ಗಾಡೊ ಗಾಡೊ ಅಂದರೆ ಬೇಯಿಸಿದ ತರಕಾರಿಗೆ ಶೇಂಗಾ ಚಟ್ನಿ. ಮೊಟ್ಟೆ ಹಾಕಬೇಡಿ, 'ತೆರಾಸಿ' ಹಾಕಬೇಡಿ ಅಂತ ಮೊದಲೇ ಹೇಳಬೇಕು. ತೆರಾಸಿ ಅಂದರೆ ಒಣ ಸಿಗಡಿಯ ಪೇಸ್ಟ್, ಬಾಯಿಗೆ ಬಂದ ಮೇಲೆ ಗೊತ್ತಾಗುವಂಥದ್ದು. ನಾನು ಮನೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ದಿದ್ದೆ. ಡೈವ್ ಅಂಗಡಿಯ ಹುಡುಗರೇ ಅರ್ಧ ಬಾಟಲಿ ಖಾಲಿ ಮಾಡಿದರು.

ಇನ್ಶೂರೆನ್ಸ್ ಮಾಡಿಸುವಾಗ ಸ್ಕೂಬಾ ಸೇರಿದೆಯಾ, ಎಷ್ಟು ಮೀಟರ್‌ವರೆಗೆ, ಅಂತ ಓದಿ ನೋಡು. ಸಾಮಾನ್ಯ ಪ್ರಯಾಣ ಪಾಲಿಸಿಯಲ್ಲಿ ಹಲವು ಸಲ ಇರುವುದಿಲ್ಲ. ಜನವರಿಯಿಂದ ನೀರಿಗೇ ಇಳಿದಿಲ್ಲ ಅಂತ ಅಲ್ಲಿಯವರಿಗೆ ಹೇಳು, ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಮಾಸ್ಕ್ ತೆಗೆದು ಹಾಕುವುದನ್ನು ಮತ್ತೆ ಮಾಡಿಸುತ್ತಾರೆ. ಮತ್ತೆ ಫಾರಂನಲ್ಲಿ 6 ಅಂತಲೇ ಬರೆ.

ಹೊನ್ನಾವರದ ದೋಣಿ

ಅಕ್ಕ, ಆ ಅಪ್ಪೆಮಿಡಿ ಎಲ್ಲಿಯದ್ದು?