ಸೆವಿಲ್‌ನಲ್ಲಿ ಪ್ರಸನ್ನನ ಟೈಮ್‌ಟೇಬಲ್

"ಕೊಲಂಬಸ್ ಸಮಾಧಿ ನೋಡಿದ್ವಿ ಕಣೋ" ಅಂದ ಪ್ರಸನ್ನ, ಹೆಂಡ್ತಿ ವೀಣಾ ಜೊತೆ ಸ್ಪೇನ್‌ನ ಸೆವಿಲ್ ಸುತ್ತಿ ಬಂದಿದ್ದ. ಗಿರೀಶ ಬಿಡ್ತಾನಾ, "ಯಾವ್ದು? ಡೊಮಿನಿಕನ್ ರಿಪಬ್ಲಿಕ್‌ನೋರೂ ಅವ್ನು ನಮ್ಮಲ್ಲೇ ಇರೋದು ಅಂತಾರಲ್ಲ!"

ಅಷ್ಟು ಸಾಕಾಯ್ತು. 1506ರಲ್ಲಿ ವಯ್ಯಾದೊಲಿದ್‌ನಲ್ಲಿ ಸತ್ತೋನನ್ನ ಆಮೇಲೆ ಸೆವಿಲ್‌ಗೆ ತಂದ್ರು, ಅಲ್ಲಿಂದ ಸ್ಯಾಂಟೋ ಡೊಮಿಂಗೋಗೆ ಹಡಗು ಹತ್ಸಿದ್ರು, ಅಲ್ಲಿಂದ ಹವಾನಾಗೆ, ಕ್ಯೂಬಾ ಸ್ಪೇನ್ ಕೈತಪ್ಪಿದ ಮೇಲೆ ವಾಪಸ್ ಸೆವಿಲ್‌ಗೆ. ಬದುಕಿದ್ದಾಗ ಅಟ್ಲಾಂಟಿಕ್ ದಾಟಿದ್ದು ಸಾಲ್ದು ಅಂತ ಮೂಳೆನೂ ದಾಟಿದ್ವು. ಈಗ್ಲೂ ಪೆಟ್ಟಿಗೆ ನೆಲ ಮುಟ್ಟಿಲ್ಲ, ಕ್ಯಾಥೆಡ್ರಲ್ ಒಳಗೆ ನಾಲ್ಕು ಜನ ದೊಡ್ಡ ದೊಡ್ಡ ಪ್ರತಿಮೆಗಳು ಹೆಗಲ ಮೇಲೆ ಹೊತ್ಕೊಂಡು ನಿಂತಿವೆಯಂತೆ, ಕಾಸ್ಟೀಲ್, ಲಿಯೋನ್, ಅರಗೋನ್, ನವಾರ ಅಂತ ರಾಜ್ಯಕ್ಕೊಬ್ಬ.

"ಯಾರಾದ್ರೂ ಕರೆದ್ರೆ ಇನ್ನೊಂದ್ಸಲ ಹೊರಡೋಕೆ ರೆಡಿ" ಅಂದ್ಲು ಮಂಜುಳಾ.

"ನಂಗೆ ಅಲ್ಲಿ ಸರಿಯಾಗಿ ನಿಲ್ಲೋಕೂ ಬಿಡ್ಲಿಲ್ಲ ಇವ್ರು" ಅಂತ ವೀಣಾ ಶುರು ಮಾಡಿದ್ಲು. "ಎಕ್ಸೆಲ್ ಶೀಟ್ ಮಾಡ್ಕೊಂಡು ಬಂದಿದ್ರು ಕಣ್ರೇ. ಕೊಲಂಬಸ್‌ಗೆ ಇಪ್ಪತ್ ನಿಮಿಷ, ಗೋಪುರಕ್ಕೆ ಅರ್ಧ ಗಂಟೆ, ಊಟ ಹನ್ನೆರಡೂವರೆ, ಕಾಫಿ ನಾಲ್ಕು, ರಾತ್ರಿ ಊಟ ಏಳೂವರೆ. ಜನವರಿ ತಿಂಗಳು, ಬೆಳಗ್ಗೆ ಆರೂವರೆಗೆ ಎಬ್ಬಿಸಿದ್ರು. ಆಚೆ ನೋಡಿದ್ರೆ ನಡುರಾತ್ರಿ ಥರ ಇದೆ. ಎಂಟು ಗಂಟೆ ಆದ್ರೂ ಕತ್ಲೆ!"

"ಅದು ನನ್ ತಪ್ಪಾ?" ಅಂದ ಪ್ರಸನ್ನ. ತಪ್ಪು ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋದು ಅಂತೆ. ಆ ಊರು ಲಂಡನ್‌ಗಿಂತ್ಲೂ ಪಶ್ಚಿಮಕ್ಕಿದೆ, ಆದ್ರೆ 1940ರಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಮಾಡಿ ಬರ್ಲಿನ್ ಟೈಮಿಗೆ ಸೇರಿಸಿದ್ರು, ಆಮೇಲೆ ಯಾರೂ ವಾಪಸ್ ತಿರುಗಿಸ್ಲೇ ಇಲ್ಲ. ಗಡಿಯಾರ ಎರಡು ಅಂದಾಗ ಅವ್ರು ಊಟಕ್ಕೆ ಕೂತ್ರೆ ಸೂರ್ಯನ ಲೆಕ್ಕದಲ್ಲಿ ಅದು ಹನ್ನೆರಡೂವರೆನೇ. "ಅಂದ್ರೆ ನಿನ್ ಶೀಟ್ ಸರಿಯಾಗೇ ಇತ್ತು, ಸೂರ್ಯನ್ನ ಕೇಳ್ಬೇಕಿತ್ತು ಅಷ್ಟೇ" ಅಂದೆ ನಾನು. ಯಾರೂ ನಗ್ಲಿಲ್ಲ, ಹೋಗ್ಲಿ.

ಪ್ಲಾಸಾ ದೆ ಎಸ್ಪಾನ್ಯಾ ಅನ್ನೋ ಚೌಕ ಚೆನ್ನಾಗಿತ್ತಂತೆ. 1929ರ ಎಕ್ಸ್‌ಪೋಗೆ ಅಂತ ಕಟ್ಟಿದ್ದು, ಅರ್ಧ ಚಂದ್ರಾಕಾರ, ಗೋಡೆ ಉದ್ದಕ್ಕೂ ಸ್ಪೇನ್‌ನ ಒಂದೊಂದು ಪ್ರಾಂತ್ಯಕ್ಕೂ ಬಣ್ಣದ ಟೈಲ್ಸ್ ಹಾಕಿದ ಕಟ್ಟೆ. ಸ್ಪೇನ್‌ನೋರು ತಮ್ಮ ತಮ್ಮ ಊರಿನ ಕಟ್ಟೆ ಹುಡುಕಿ ಕೂತು ಫೋಟೋ ತೆಗೆಸ್ಕೋತಾರೆ. "ಇವ್ರು ಯಾವ ಊರಿನ ಮುಂದೆ ಕೂತ್ರು?" ಅಂದ್ಲು ಮಂಜುಳಾ. "ಬಿಸಿಲು ಬಿದ್ದಿದ್ರ ಮುಂದೆ" ಅಂದ್ಲು ವೀಣಾ.

ಕ್ಯಾಥೆಡ್ರಲ್ ಗೋಪುರದ ಹೆಸರು ಹಿರಾಲ್ದಾ. ಮೊದ್ಲು ಅದು ಮಸೀದಿ ಮಿನಾರು, ಹನ್ನೆರಡನೇ ಶತಮಾನದ್ದು, ಮೇಲ್ಗಡೆ ಗಂಟೆ ಇರೋ ಭಾಗ ಆಮೇಲೆ ಕ್ರಿಶ್ಚಿಯನ್ನರು ಸೇರಿಸಿದ್ದು. ಒಳಗೆ ಮೆಟ್ಲೇ ಇಲ್ಲ, ಸುತ್ಕೊಂಡು ಹೋಗೋ ಇಳಿಜಾರು, ಒಟ್ಟು 35, ಅಜಾನ್ ಕೂಗೋರು ಕುದುರೆ ಮೇಲೆ ಹತ್ಲಿ ಅಂತ ಮಾಡಿದ್ದಂತೆ.

"ಹದಿನಾಲ್ಕನೇ ಇಳಿಜಾರಲ್ಲಿ ಇವ್ರು ಕುದುರೆ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು" ಅಂದ್ಲು ವೀಣಾ.

"ಅದೆಲ್ಲಾ ಇರ್ಲಿ ಕಣೇ, ತಿಂದಿದ್ದೇನು ಹೇಳು" ಅಂದ್ಲು ಮಂಜುಳಾ, ಅಷ್ಟೊತ್ತಿಂದ ಅದಕ್ಕೇ ಕಾಯ್ತಿದ್ಲು ಅನ್ಸುತ್ತೆ.

ಹನ್ನೆರಡೂವರೆಗೆ ಹೋದ್ರೆ ಅಡುಗೆಮನೆ ಇನ್ನೂ ಶುರುವಾಗಿಲ್ಲ ಅಂದ್ರು. ಕಾಯೋ ಹೊತ್ತಿಗೆ ಪ್ರಸನ್ನನ ಕಣ್ಣು ರಸ್ತೆ ಪಕ್ಕದ ಕಿತ್ತಳೆ ಮರಗಳ ಮೇಲೆ. ಊರ ತುಂಬಾ ಅದೇ, ಗೊಂಚಲು ಗೊಂಚಲಾಗಿ, ಯಾರೂ ಮುಟ್ಟಲ್ಲ. ಯಾಕೆ ಮುಟ್ಟಲ್ಲ ಅಂತ ಒಂದು ಕ್ಷಣ ಯೋಚ್ನೆ ಮಾಡ್ಬೇಕಿತ್ತು ಪುಣ್ಯಾತ್ಮ. ಕೆಳಗೆ ಬಿದ್ದಿದ್ದು ಒಂದು ಎತ್ತಿ, ಕರ್ಚೀಫಲ್ಲಿ ಒರೆಸಿ, ಸುಲಿದು, ಒಂದು ತೊಳೆ ಬಾಯಿಗೆ ಹಾಕ್ಕೊಂಡ. ಹೇರಳೆಕಾಯಿಗಿಂತ ಕಹಿ! ಅದು ಮಾರ್ಮಲೇಡ್‌ಗೆ ಅಂತ ಇಂಗ್ಲಿಷರು ತರಿಸ್ಕೊಳ್ಳೋ ಜಾತಿ. ಎದುರಿಗೆ ಬೆಂಚ್ ಮೇಲಿದ್ದ ಒಬ್ಬ ಅಜ್ಜ ಕೈ ತಟ್ಟಿದ್ನಂತೆ.

ಕೊನೆಗೆ ಊಟ. ಮಾಂಸ ಬೇಡ ಅಂತ ಸ್ಪ್ಯಾನಿಷ್‌ನಲ್ಲೇ ಬಾಯಿಪಾಠ ಮಾಡ್ಕೊಂಡು ಹೋಗಿದ್ರು. ಸಾಲ್ಮೊರೇಹೊ ಬಂತು, ಟೊಮೆಟೊ ಬ್ರೆಡ್ಡು ಆಲಿವ್ ಎಣ್ಣೆ ರುಬ್ಬಿದ ತಣ್ಣಗಿನ ಗಟ್ಟಿ ಸಾರು, ಅದರ ಮೇಲೆ ಹಮೋನ್ ಅನ್ನೋ ಒಣಗಿಸಿದ ಹಂದಿ ತೊಡೆ ಚೂರು, ಮೊಟ್ಟೆ. ಮಾಂಸ ಬೇಡ ಅಂದ್ವಲ್ಲ ಅಂದ್ರೆ ವೇಟರ್‌ಗೆ ನಿಜವಾಗ್ಲೂ ಆಶ್ಚರ್ಯ, ಮಾಂಸ ಅಲ್ಲ, ಇದು ಹಮೋನ್! "ತಪ್ಪಿಲ್ಲ ಬಿಡು, ತಲೆ ಮೇಲೆ ಸಾಲಾಗಿ ಹಂದಿ ತೊಡೆ ನೇತಾಕ್ಕೊಂಡು ವ್ಯಾಪಾರ ಮಾಡೋನಿಗೆ ಅದು ಸೀಲಿಂಗ್ ಡೆಕೋರೇಷನ್ನು" ಅಂದ ಗಿರೀಶ.

ಆಮೇಲೆ ಬಂದಿದ್ದೇ ನೋಡಿ ಜೀವ ಉಳಿಸಿದ್ದು. ಪಾಲಕ್ ಸೊಪ್ಪು, ಕಾಬೂಲಿ ಕಡ್ಲೆ, ಬೆಳ್ಳುಳ್ಳಿ, ಮೇಲೆ ಜೀರಿಗೆ ಘಮ. ಆ ಊರಿನ ಹಳೇ ತಿಂಡಿನೇ ಅಂತೆ ಅದು. "ಜೀರಿಗೆ ವಾಸನೆ ಬಂದ ತಕ್ಷಣ ಇವ್ರು ಎಕ್ಸೆಲ್ ಶೀಟ್ ಮಡಚಿ ಜೇಬಲ್ಲಿಟ್ರು, ಮೂರು ತಟ್ಟೆ ತಿಂದ್ರು" ಅಂದ್ಲು ವೀಣಾ. ಬಿಲ್ ಬರೆಯೋದು ಪೇಪರಲ್ಲಲ್ಲ, ಮರದ ಕೌಂಟರ್ ಮೇಲೇ ಸೀಮೆಸುಣ್ಣದಲ್ಲಿ. ದುಡ್ಡು ಕೊಟ್ಟ ಮೇಲೆ ಬಟ್ಟೆಯಲ್ಲಿ ಒರೆಸಿಬಿಡ್ತಾರೆ. ಎಲ್ ರಿಂಕೊನ್ಸಿಯೋ ಅಂತ 1670ರ ಅಂಗಡಿ, ಅಲ್ಲಿ ಇವತ್ತಿಗೂ ಹಾಗೇ.

"ಖಾರ ಇತ್ತಾ?" ಅಂದೆ.

"ಎಲ್ಲಿಂದ ಬರ್ಬೇಕು!" ಅಂದ ಗಿರೀಶ, ಅವನಿಗೆ ಇದೇ ಬೇಕಿತ್ತು. "ಮೆಣಸಿನಕಾಯಿನ ಅಮೆರಿಕಾದಿಂದ ಸ್ಪೇನ್‌ಗೆ ತಂದಿದ್ದೇ ಕೊಲಂಬಸ್ಸು, 1503ರಿಂದ ಅಮೆರಿಕಾ ವ್ಯಾಪಾರದ ಸರ್ಕಾರಿ ಕಚೇರಿ ಇದ್ದಿದ್ದೇ ಆ ಸೆವಿಲ್‌ನಲ್ಲಿ. ಪೋರ್ಚುಗೀಸರು ಅದನ್ನ ನಮ್ ಕಡೆ ತಂದ್ರು, ನಾವು ಬ್ಯಾಡಗಿ ಮಾಡ್ಕೊಂಡ್ವಿ, ಸ್ಪೇನ್‌ನೋರು ಬಣ್ಣಕ್ಕೆ ಮಾತ್ರ ಇಟ್ಕೊಂಡ್ರು."

"ಇನ್ನೊಂದು ಹೇಳ್ಲಿಲ್ಲ ಕಣೇ, ಬದನೆಕಾಯಿ ಬಜ್ಜಿ" ಅಂತ ವೀಣಾ ಮಂಜುಳಾ ಕಡೆ ತಿರುಗಿದ್ಲು. "ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಕರಿದು ಮೇಲೆ ಏನೋ ಕಪ್ಪಗೆ ಸುರಿದಿದ್ರು. ಸಾಸ್ ಅಂದ್ಕೊಂಡೆ. ಬಾಯಿಗಿಟ್ರೆ ಜೋನಿ ಬೆಲ್ಲ! ಕಬ್ಬಿಂದೇ."

"ಬಜ್ಜಿಗೆ ಬೆಲ್ಲಾನಾ? ಥೂ" ಅಂದ ಗಿರೀಶ.

"ತಿಂದು ಮಾತಾಡು" ಅಂದ ಪ್ರಸನ್ನ. ಆ ದಿನದ ಬಗ್ಗೆ ಗಂಡ ಹೆಂಡ್ತಿ ಇಬ್ರೂ ಒಪ್ಪಿದ್ದು ಇದೊಂದೇ.

ಮಂಜುಳಾ ಆಗ್ಲೇ ಎದ್ದಿದ್ಲು. ಒಳಗಿಂದ ಕೂಗಿದ್ಲು, "ರೀ, ತೀರ್ಥಹಳ್ಳಿಯಿಂದ ಬಂದ ಬೆಲ್ಲದ ಡಬ್ಬ ಎಲ್ಲಿಟ್ಟಿದ್ದೀರಿ?" ಗಿರೀಶ ತುಟಿ ಪಿಟಿಕ್ ಅನ್ನಲಿಲ್ಲ, ಅವ್ನು ಅದನ್ನ ದೋಸೆಗೆ ಹಚ್ಕೊಂಡು ಯಾವಾಗ್ಲೋ ಮುಗಿಸಿದ್ದ.